ಜಗಲಿಗೆ ಮರಳಿದ ರೇಡಿಯೋ: ಮೂರು ಬ್ಯಾಂಡಿನ ಒಂದು ಸೆಟ್ಟಿನ ಆರು ತಿಂಗಳ ಪರೀಕ್ಷೆ

ಆರು ತಿಂಗಳ ಹಿಂದೆ ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯೊಂದರಲ್ಲಿ 1,850 ರೂಪಾಯಿ ಕೊಟ್ಟು ಮೂರು ಬ್ಯಾಂಡಿನ ಒಂದು ರೇಡಿಯೋ ಕೊಂಡೆ. ಎಫ್‌ಎಂ, ಮೀಡಿಯಂ ವೇವ್, ಶಾರ್ಟ್‌ವೇವ್ ಮೂರೂ ಇರುವ ಸೆಟ್ಟು. ಮೇಲೊಂದು ಹಿಡಿಕೆ, ಬಲಗಡೆ ಸ್ಟೇಷನ್ ಹಿಡಿಯುವ ದೊಡ್ಡ ತಿರುಗಣೆ, ಎಡಗಡೆ ಸದ್ದಿನ ತಿರುಗಣೆ, ಹಿಂಬದಿಯಲ್ಲಿ ಎರಡು ದಪ್ಪ ಸೆಲ್ ಕೂರುವ ಗೂಡು, ಪಕ್ಕದಲ್ಲಿ ಕರೆಂಟಿನ ವೈರಿಗೆ ಒಂದು ತೂತು. ಮೈಸೂರಿನ ಮನೆಗೆ ತಂದು ಡಬ್ಬಿಯಿಂದ ತೆಗೆದಾಗ ಮಗಳು ಕೇಳಿದ ಮೊದಲ ಪ್ರಶ್ನೆ, ಇದರಲ್ಲಿ ಹಿಂದಕ್ಕೆ ಹೋಗುವ ಗುಂಡಿ ಯಾವುದು ಎಂದು. ಇಲ್ಲ ಎಂದೆ. ಹಾಗಾದರೆ ನಿಲ್ಲಿಸಿ, ಆಮೇಲೆ ಅಲ್ಲಿಂದಲೇ ಮುಂದುವರಿಸುವುದು ಹೇಗೆ ಎಂದಳು. ಅದೂ ಇಲ್ಲ ಎಂದೆ. ಅವಳು ಆಸಕ್ತಿ ಕಳೆದುಕೊಂಡು ಒಳಗೆ ಹೋದಳು. ಈ ವಿಮರ್ಶೆಯನ್ನು ಬರೆಯಬೇಕೆನ್ನಿಸಿದ್ದು ಆ ಎರಡು ಪ್ರಶ್ನೆಗಳಿಂದ. ರೇಡಿಯೋ ನಮ್ಮ ಸಾರ್ವಜನಿಕ ಬದುಕನ್ನು ಬದಲಿಸಿದ್ದು, ಅದು ಏನನ್ನು ಹೇಳಿತು ಎಂಬುದಕ್ಕಿಂತ ಹೆಚ್ಚಾಗಿ, ಎಲ್ಲರಿಗೂ ಒಂದೇ ಗಳಿಗೆಯಲ್ಲಿ ಹೇಳಿತು ಎಂಬ ಕಾರಣಕ್ಕೆ ಎಂದು ನನಗೆ ಅನ್ನಿಸುತ್ತದೆ. ಆದ್ದರಿಂದ ಯಂತ್ರವನ್ನೂ ಅದು ತರುವ ಸೇವೆಯನ್ನೂ ಒಟ್ಟಿಗೇ ತೂಗಿ ನೋಡಬೇಕಾಗುತ್ತದೆ.

ಮೊದಲು ಯಂತ್ರದ ವಿಚಾರ. ಎಫ್‌ಎಂ ಬಗ್ಗೆ ಹೆಚ್ಚು ಹೇಳುವಂಥದ್ದೇನಿಲ್ಲ. ಯಾದವಗಿರಿಯ ಆಕಾಶವಾಣಿ ಕೇಂದ್ರ ನಮ್ಮ ಮನೆಯಿಂದ ನಡೆದು ಹೋಗುವಷ್ಟು ಹತ್ತಿರವಿರುವುದರಿಂದ 100.6 ಮೆಗಾಹರ್ಟ್ಸ್‌ನ ಮೈಸೂರು ಕೇಂದ್ರ ಏರಿಯಲ್ ಎಳೆಯದೆಯೂ ಸ್ವಚ್ಛವಾಗಿ ಕೇಳುತ್ತದೆ. ಸೆಟ್ಟಿನ ನಿಜವಾದ ಪರೀಕ್ಷೆ ಮೀಡಿಯಂ ವೇವ್‌ನಲ್ಲಿ. 612 ಕಿಲೋಹರ್ಟ್ಸ್‌ನ ಬೆಂಗಳೂರು ಕೇಂದ್ರವನ್ನು ನಡುಮನೆಯಲ್ಲಿ ಹಿಡಿಯಲು ಹೋದರೆ ಬರುವುದು ಜೀರುಂಡೆಯಂಥ ಕೊರೆತ ಮಾತ್ರ. ಎಲ್‌ಇಡಿ ಟ್ಯೂಬ್‌ಲೈಟ್ ಆರಿಸಿದಾಗ ಅರ್ಧ ಸದ್ದು ಹೋಯಿತು, ಫೋನಿನ ಚಾರ್ಜರ್ ಕಿತ್ತಾಗ ಇನ್ನಷ್ಟು ಹೋಯಿತು, ಇನ್ವರ್ಟರ್ ಬದಿಯಿಂದ ದೂರ ಸರಿದು ಜಗಲಿಗೆ ಬಂದಾಗ ಮನುಷ್ಯರ ದನಿ ಕೇಳಿಸಿತು. ಅಲ್ಲೂ ಸೆಟ್ಟನ್ನು ಹೇಗೆಂದರೆ ಹಾಗೆ ಇಡುವಂತಿಲ್ಲ. ಒಳಗಿರುವ ಫೆರೈಟ್ ಕಡ್ಡಿಯೇ ಮೀಡಿಯಂ ವೇವ್‌ಗೆ ಏರಿಯಲ್ ಆಗಿರುವುದರಿಂದ, ಸೆಟ್ಟಿನ ಮುಖವೋ ಬೆನ್ನೋ ಕೇಂದ್ರವಿರುವ ದಿಕ್ಕಿಗಿದ್ದರೆ ದನಿ ತುಂಬಿ ಬರುತ್ತದೆ, ಪಕ್ಕೆ ಆ ದಿಕ್ಕಿಗೆ ತಿರುಗಿದರೆ ಸೊರಗುತ್ತದೆ. ಬೆಳಗಿನ ಹೊತ್ತು ನಮ್ಮ ತಂದೆ ರೇಡಿಯೋವನ್ನು ಕಿಟಕಿಯ ಕಟ್ಟೆಯ ಮೇಲೆ ಓರೆಯಾಗಿಯೇ ಇಡುತ್ತಿದ್ದರು, ಯಾರಾದರೂ ಗುಡಿಸುವಾಗ ಅದನ್ನು ನೆಟ್ಟಗೆ ಇಟ್ಟರೆ ಸಿಡಿಮಿಡಿಗೊಳ್ಳುತ್ತಿದ್ದರು. ಅದು ಅವರ ಸ್ವಭಾವ ಎಂದುಕೊಂಡಿದ್ದೆ. ಕಡ್ಡಿಯ ಗುಣ ಎಂದು ಈಗ ತಿಳಿಯಿತು. ಸೂರ್ಯ ಮುಳುಗಿದ ಮೇಲೆ ಧಾರವಾಡದ 765 ಕಿಲೋಹರ್ಟ್ಸ್ ಕೂಡ ಏರುತ್ತಾ ಇಳಿಯುತ್ತಾ ಸಿಗುತ್ತದೆ, ತಮಿಳು ತೆಲುಗು ಕೇಂದ್ರಗಳು ಒಂದರ ಮೇಲೊಂದು ಬಂದು ಕೂರುತ್ತವೆ. ಸ್ಟೇಷನ್ ತಿರುಗಣೆ ಸ್ವಲ್ಪ ಸಡಿಲ. ಬೆರಳು ತೆಗೆದೊಡನೆ ಒಂದು ಕೂದಲೆಳೆಯಷ್ಟು ಜಾರುತ್ತದೆ.

ನಮ್ಮ ಬೀದಿಯ ಸುತ್ತಮುತ್ತಲಲ್ಲೇ ಈ ಕತೆ ಶುರುವಾದದ್ದು ಎಂಬುದು ಈ ಸೆಟ್ಟು ಕೊಂಡ ಮೇಲೆ ನನಗೆ ಹೊಸದಾಗಿ ಮುಖ್ಯವೆನಿಸಿತು. ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ.ವಿ. ಗೋಪಾಲಸ್ವಾಮಿ 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆ ‘ವಿಠ್ಠಲ ವಿಹಾರ’ದಲ್ಲಿ 30 ವ್ಯಾಟ್‌ನ ಒಂದು ಟ್ರಾನ್ಸ್‌ಮಿಟರ್ ಇಟ್ಟುಕೊಂಡು ಪ್ರಸಾರ ಆರಂಭಿಸಿದರು, ಅದಕ್ಕೆ ‘ಆಕಾಶವಾಣಿ’ ಎಂದು ಹೆಸರಿಟ್ಟರು. ಈಗ ನನ್ನ ಫೋನಿನ ಚಾರ್ಜರ್ ಮೇಲೆ 33 ವ್ಯಾಟ್ ಎಂದು ಬರೆದಿದೆ. ಒಂದು ಊರಿಗೆ ದನಿ ಕೊಟ್ಟ ಯಂತ್ರಕ್ಕಿಂತ ಹೆಚ್ಚಿನ ಶಕ್ತಿಯ ವಸ್ತುವೊಂದು ಇಂದು ಅದೇ ಊರಿನ ಮನೆಯೊಳಗೆ ಆ ದನಿಯನ್ನು ಕೆಡಿಸುತ್ತಾ ಗೋಡೆಗೆ ಅಂಟಿಕೊಂಡಿದೆ. ಇಂಜಿನಿಯರ್ ಅಲ್ಲದ, ವ್ಯಾಪಾರಿಯೂ ಅಲ್ಲದ, ಮನಸ್ಸಿನ ಶಾಸ್ತ್ರ ಕಲಿಸುತ್ತಿದ್ದ ಮೇಷ್ಟರೊಬ್ಬರು ಇದಕ್ಕೆ ಕೈ ಹಾಕಿದ್ದು ಆಕಸ್ಮಿಕವಿರಲಾರದು. ಮುಖ ಕಾಣದ ದನಿಯೊಂದು ಕೇಳುವವರ ಮನಸ್ಸಿನಲ್ಲಿ ಏನು ಮಾಡಬಲ್ಲದು ಎಂಬ ಕುತೂಹಲ ಅವರಿಗೆ ಇದ್ದೇ ಇದ್ದಿರಬೇಕು. ಇಡೀ ದೇಶದ ಪ್ರಸಾರಕ್ಕೆ ‘ಆಲ್ ಇಂಡಿಯಾ ರೇಡಿಯೋ’ ಎಂಬ ಹೆಸರು ಬಂದದ್ದು ಅದರ ಮರುವರ್ಷ, 1936ರ ಜೂನ್ 8ರಂದು, ಬಿಬಿಸಿಯಿಂದ ಬಂದ ಲಯೊನೆಲ್ ಫೀಲ್ಡನ್ ಅವರ ಆಡಳಿತದಲ್ಲಿ. ಮೈಸೂರಿನ ಹೆಸರು ದೇಶದ ಹೆಸರಾದದ್ದು ಸ್ವಾತಂತ್ರ್ಯ ಬಂದು ಸುಮಾರು ಹತ್ತು ವರ್ಷವಾದ ಮೇಲೆ.

ಸೇವೆಯನ್ನು ಅಳೆಯುವುದಕ್ಕೆ ನಾನು ಒಂದು ಕಟ್ಟುಪಾಡು ಮಾಡಿಕೊಂಡೆ: ಬೆಳಗ್ಗೆ ಎದ್ದಾಗಿನಿಂದ ಎಂಟು ಗಂಟೆಯವರೆಗೆ ಫೋನ್ ಮುಟ್ಟದೆ, ಗೋಡೆ ಗಡಿಯಾರ ನೋಡದೆ, ಜಗಲಿಯ ರೇಡಿಯೋ ಒಂದನ್ನೇ ನಂಬಿ ನಡೆಯುವುದು. ಮೊದಲ ವಾರ ಕಷ್ಟವಾಯಿತು. ಎರಡನೆಯ ವಾರಕ್ಕೆ ಹಳೆಯ ದಿನಚರಿ ಮೈಯೊಳಗಿನಿಂದ ಎದ್ದು ಬಂದಿತು. ಬೆಳಗಿನ ಮುದ್ರಾ ಸಂಗೀತ ಕೇಳಿದರೆ ಹಾಲು ತರಬೇಕಾದ ಹೊತ್ತು (ನಾಜಿಗಳ ಕಾಲದಲ್ಲಿ ಯೂರೋಪು ಬಿಟ್ಟು ಮುಂಬಯಿಗೆ ಬಂದಿದ್ದ ಯಹೂದಿ ಸಂಗೀತಗಾರ ವಾಲ್ಟರ್ ಕೌಫ್‌ಮನ್ ರಚಿಸಿದ್ದೆಂದು ಹೇಳಲಾಗುವ ಆ ಪಿಟೀಲಿನ ತುಣುಕನ್ನು ಕೇಳಿದಾಗೆಲ್ಲ ನಮಗೆ ನೆನಪಾಗುವುದು ಮಾತ್ರ ಅಮ್ಮನ ಕಾಫಿ). 6.55ಕ್ಕೆ ಸಂಸ್ಕೃತ ವಾರ್ತೆ, 7.05ಕ್ಕೆ ಪ್ರದೇಶ ಸಮಾಚಾರ, 7.35ಕ್ಕೆ ವಾರ್ತೆಗಳು. ‘ಇಯಂ ಆಕಾಶವಾಣೀ, ಸಂಪ್ರತಿ ವಾರ್ತಾಃ ಶ್ರೂಯಂತಾಂ’ ಎಂಬ ವಾಕ್ಯದ ಅರ್ಥ ಗೊತ್ತಿಲ್ಲದ ಮನೆಗಳಲ್ಲೂ ಅದನ್ನು ಕೇಳಿದೊಡನೆ ಮಕ್ಕಳನ್ನು ಬಚ್ಚಲಿಗೆ ಅಟ್ಟುತ್ತಿದ್ದರು. 1974ರಲ್ಲಿ ಶುರುವಾದ ಆ ವಾರ್ತೆಯಿಂದ ಸಂಸ್ಕೃತ ಎಷ್ಟು ಮಂದಿಗೆ ಬಂತೋ ಕಾಣೆ, ಸ್ನಾನದ ಹೊತ್ತು ಮಾತ್ರ ಎಲ್ಲರಿಗೂ ಬಂತು. ಪಂಚಾಂಗ, ದೇವಸ್ಥಾನದ ಗಂಟೆ, ಮಿಲ್ಲಿನ ಸಿಳ್ಳೆ ಇವು ಒಂದೊಂದು ಊರಿಗೆ ಒಂದೊಂದು ಗುಂಪಿಗೆ ಹೊತ್ತು ಹೇಳುತ್ತಿದ್ದವು. ಬೀದರಿನ ಅಂಗಡಿಯವನಿಗೂ ಚಾಮರಾಜನಗರದ ಶಾನುಭೋಗರಿಗೂ ಒಂದೇ ಬೆಳಗನ್ನು ಹಂಚಿದ್ದು ರೇಡಿಯೋ.

ಭಾಷೆಗೂ ಹೀಗೆಯೇ ಆಯಿತು. ಧಾರವಾಡದ ಕೇಂದ್ರ 1950ರ ಜನವರಿ 8ರಂದು, ಬೆಂಗಳೂರಿನದು 1955ರ ನವೆಂಬರ್ 2ರಂದು ಆರಂಭವಾದವು ಎಂಬುದನ್ನು ಗಮನಿಸಿ: ರಾಜ್ಯ ಒಂದಾಗುವುದಕ್ಕೆ ಇನ್ನೂ ಒಂದು ವರ್ಷ ಇರುವಾಗಲೇ ಕನ್ನಡಕ್ಕೆ ಗಾಳಿಯಲ್ಲಿ ಎರಡು ಮನೆಗಳಾಗಿದ್ದವು. ಮುಂಬಯಿ ಪ್ರಾಂತ್ಯದ ಕನ್ನಡಿಗನೂ ಹಳೆಯ ಮೈಸೂರಿನ ಕನ್ನಡಿಗನೂ ಪರಸ್ಪರರ ಮಾತನ್ನು ನಗೆಯಾಡಿಕೊಂಡಾದರೂ ಕಿವಿಗೆ ಹಾಕಿಕೊಳ್ಳತೊಡಗಿದ್ದು ಬಾನುಲಿ ನಾಟಕಗಳ ಮೂಲಕ. ವಾರ್ತೆಯ ಕನ್ನಡ ಮಾತ್ರ ಯಾರ ಮನೆಯ ಮಾತೂ ಆಗಿರಲಿಲ್ಲ. ‘ಅವರಿಂದು’, ‘ತಿಳಿಯಬಂದಿದೆ’, ‘ಕರೆ ನೀಡಿದ್ದಾರೆ’ ಎಂದು ಸಾಗುವ ಆ ಭಾಷೆ ಯಾವ ಜಿಲ್ಲೆಯದೂ ಅಲ್ಲದ್ದರಿಂದಲೇ ಎಲ್ಲ ಜಿಲ್ಲೆಗಳಲ್ಲೂ ನಡೆಯಿತು. ಇವತ್ತಿನ ವಾರ್ತೆ ಕೇಳಿದಾಗ ನನಗೆ ತೃಪ್ತಿ ಕೊಟ್ಟದ್ದೂ ಇದೇ: ಹತ್ತು ನಿಮಿಷದಲ್ಲಿ ಯಾರೂ ಕಿರುಚುವುದಿಲ್ಲ, ಒಂದೇ ಸಂಗತಿಯನ್ನು ಐದು ಸಲ ಹೇಳುವುದಿಲ್ಲ, ಅಲ್ಪಪ್ರಾಣ ಮಹಾಪ್ರಾಣ ಇರಬೇಕಾದಲ್ಲಿ ಇರುತ್ತವೆ. ಬೇಸರ ತಂದದ್ದೂ ಅಲ್ಲೇ ಇದೆ, ಅದನ್ನು ಮುಂದೆ ಹೇಳುತ್ತೇನೆ.

ಸಂಗೀತದ ಬಾಬತ್ತಿನಲ್ಲಿ ಈ ಸೇವೆಯ ಇತಿಹಾಸ ಹಟಮಾರಿ ಹಿರಿಯರೊಬ್ಬರ ಸಂಸಾರದ ಹಾಗಿದೆ. 1940ರಿಂದ 1971ರವರೆಗೆ ಹಾರ್ಮೋನಿಯಂ ಬಾನುಲಿಯಲ್ಲಿ ನಿಷಿದ್ಧವಾಗಿತ್ತು. ಶ್ರುತಿಗಳ ನಡುವಿನ ಸೂಕ್ಷ್ಮ ಅದಕ್ಕೆ ಬರುವುದಿಲ್ಲ ಎಂಬುದು ತಕರಾರು. 1952ರಲ್ಲಿ ವಾರ್ತಾ ಮತ್ತು ಪ್ರಸಾರ ಮಂತ್ರಿಯಾದ ಬಿ.ವಿ. ಕೇಸ್ಕರ್ ಅವರ ಕಾಲದಲ್ಲಿ ಸಿನಿಮಾ ಹಾಡುಗಳೂ ಹೊರಗಾದವು. ಜನ ಏನು ಮಾಡಿದರು? ತಿರುಗಣೆ ತಿರುವಿ, ಸಿನಿಮಾ ಹಾಡು ಹಾಕುತ್ತಿದ್ದ ಶ್ರೀಲಂಕಾದ ರೇಡಿಯೋ ಸಿಲೋನ್‌ಗೆ ಹೋದರು. 1957ರ ಅಕ್ಟೋಬರ್ 3ರಂದು ವಿವಿಧ ಭಾರತಿ ಹುಟ್ಟಿದ್ದು ಹಾಗೆ ಹೋದವರನ್ನು ಮರಳಿ ಕರೆತರುವುದಕ್ಕೆ. ಕೇಳುಗರು ಸರ್ಕಾರವೊಂದನ್ನು ಬರಿಯ ಬೆರಳಿನಿಂದ ಮಣಿಸಿದ ಈ ಪ್ರಸಂಗ ನನಗೆ ಬಹಳ ಪ್ರಿಯವಾದದ್ದು. ಆದರೆ ಅದೇ ಹಟದ ಇನ್ನೊಂದು ಮುಖವನ್ನು ಮರೆತರೆ ಅನ್ಯಾಯವಾಗುತ್ತದೆ. ಆಸ್ಥಾನಗಳು ಕರಗಿ, ಜಹಗೀರುಗಳು ಹೋಗಿ, ಗವಾಯಿಗಳಿಗೆ ಆಶ್ರಯವಿಲ್ಲದಿದ್ದ ಕಾಲದಲ್ಲಿ ನಿಲಯ ಕಲಾವಿದರೆಂಬ ಸಂಬಳದ ಹುದ್ದೆ ಅವರ ಮನೆಗಳಲ್ಲಿ ಒಲೆ ಉರಿಸಿತು; ಮಲ್ಲಿಕಾರ್ಜುನ ಮನ್ಸೂರರು ಧಾರವಾಡ ಕೇಂದ್ರಕ್ಕೆ ಸಂಗೀತ ಸಲಹೆಗಾರರಾಗಿದ್ದರು. ಟಿಕೆಟ್ ಕೊಂಡು ಸಭಾಂಗಣಕ್ಕೆ ಎಂದೂ ಕಾಲಿಡಲಾರದವರು, ಕೆಲವು ಕಡೆ ಜಾತಿಯ ಕಾರಣಕ್ಕೆ ಒಳಗೆ ಕೂರಲಾಗದವರು, ಅವರ ಹಾಡನ್ನು ಹೋಟೆಲಿನ ಮುಂದೆ ನಿಂತು ಕೇಳಿದರು. ಹೋಟೆಲಿನ ರೇಡಿಯೋ ನಿಂತವನ ಕುಲ ಕೇಳುತ್ತಿರಲಿಲ್ಲ.

ಈ ಆರು ತಿಂಗಳಲ್ಲಿ ನನ್ನನ್ನು ಬೆರಗುಗೊಳಿಸಿದ್ದು ಮಾತ್ರ ಸಂಜೆಯ ಕೃಷಿ ಕಾರ್ಯಕ್ರಮ. ನನಗೆ ಒಂದು ಗುಂಟೆ ಜಮೀನೂ ಇಲ್ಲ; ಆದರೂ ಒಂದು ಸಂಜೆ ಕೇಳಿದ ಮಾತುಕತೆ ಇನ್ನೂ ನೆನಪಿದೆ. ಕೃಷ್ಣರಾಜನಗರದ ಕಡೆಯ ರೈತರೊಬ್ಬರು ಫೋನ್ ಮಾಡಿ ಭತ್ತದ ಗರಿ ಒಣಗುತ್ತಿದೆ ಎಂದರು. ತಜ್ಞರು ಔಷಧಿಯ ಹೆಸರನ್ನು ಕೂಡಲೇ ಹೇಳಲಿಲ್ಲ. ಚುಕ್ಕೆ ದುಂಡಗಿದೆಯೋ ಕದಿರಿನ ಹಾಗೆ ಎರಡೂ ತುದಿ ಚೂಪಾಗಿದೆಯೋ, ನಡುವೆ ಬೂದಿ ಬಣ್ಣವಿದೆಯೋ, ಯೂರಿಯಾ ಎಷ್ಟು ಹಾಕಿದ್ದೀರಿ ಎಂದು ಒಂದೊಂದಾಗಿ ಕೇಳಿದರು. ಆ ಕಡೆಯಿಂದ ಸ್ವಲ್ಪ ಹೊತ್ತು ಮೌನ, ಆಮೇಲೆ ‘ಸ್ವಲ್ಪ ಜಾಸ್ತೀನೇ ಹಾಕ್ಬುಟ್ಟೆ ಸಾ’ ಎಂಬ ಉತ್ತರ. ಅದು ಬೆಂಕಿ ರೋಗವೆಂದೂ, ಮೊದಲು ಯೂರಿಯಾ ನಿಲ್ಲಿಸಬೇಕೆಂದೂ ತಜ್ಞರು ಹೇಳುವಷ್ಟರಲ್ಲಿ, ಅದೇ ತಪ್ಪು ಮಾಡಿದ್ದ ಎಷ್ಟೋ ಮಂದಿ ತಮ್ಮ ತಮ್ಮ ಕಟ್ಟೆಯ ಮೇಲೆ ಕುಳಿತು ತಲೆ ಆಡಿಸಿರಬೇಕು. ಒಬ್ಬನ ತಪ್ಪೊಪ್ಪಿಗೆ ಹೆಸರಿಲ್ಲದೆ ಊರೂರಿಗೆ ಪಾಠವಾಗುವ ಈ ಕ್ರಮ ಇಂದು ನಿನ್ನೆಯದಲ್ಲ. 1956ರಲ್ಲಿ ಯುನೆಸ್ಕೋ ನೆರವಿನಿಂದ ಪುಣೆಯ ಸುತ್ತಿನ ಜಿಲ್ಲೆಗಳ 150 ಹಳ್ಳಿಗಳಲ್ಲಿ ರೇಡಿಯೋ ಕೂಟಗಳನ್ನು ಮಾಡಿದ್ದರು. ವಾರಕ್ಕೆರಡು ದಿನ ರೈತರು ಒಂದೆಡೆ ಕೂತು ಪ್ರಸಾರ ಕೇಳಬೇಕು, ಮುಗಿದ ಮೇಲೆ ಅದನ್ನು ಚರ್ಚಿಸಬೇಕು, ಪ್ರಶ್ನೆಗಳನ್ನು ಕೇಂದ್ರಕ್ಕೆ ಬರೆದು ಕಳಿಸಬೇಕು. ಮುಂದಿನ ದಶಕದಲ್ಲಿ ತಂಜಾವೂರಿನ ಗದ್ದೆಗಳಿಗೆ ಬಂದ ಎಡಿಟಿ-27 ಎಂಬ ತಳಿಯನ್ನು ರೈತರು ‘ರೇಡಿಯೋ ಭತ್ತ’ ಎಂದೇ ಕರೆದರು. ಬೀಜ ಬಂದದ್ದು ಕೃಷಿ ಇಲಾಖೆಯಿಂದ, ನಂಬಿಕೆ ಬಂದದ್ದು ತಿರುಚಿರಾಪಳ್ಳಿ ಕೇಂದ್ರದಿಂದ. ಸೇವೆಯ ಈ ಒಂದು ವಿಭಾಗಕ್ಕೆ ನಾನು ಕಣ್ಣು ಮುಚ್ಚಿ ಪೂರ್ಣ ಅಂಕ ಕೊಡುತ್ತೇನೆ.

ಇನ್ನು ಬೇಸರದ ಮಾತು. ತಂದೆಯ ಟ್ರಂಕಿನಲ್ಲಿ ಅವರ ರೇಡಿಯೋ ಲೈಸೆನ್ಸ್ ಪುಸ್ತಕ ಸಿಕ್ಕಿತು. ಪ್ರತಿ ವರ್ಷ ಅಂಚೆ ಕಚೇರಿಗೆ ಹೋಗಿ 15 ರೂಪಾಯಿ ಕಟ್ಟಿ ಮೊಹರು ಹಾಕಿಸಿಕೊಂಡ ಪುಟಗಳು. ಮನೆಯೊಳಗೆ ಕೂತು ಕೇಳುವುದಕ್ಕೂ ಸರ್ಕಾರದ ಅಪ್ಪಣೆ ಬೇಕಿದ್ದ ಕಾಲ 1980ರ ದಶಕದವರೆಗೂ ಇತ್ತು ಎಂಬುದು ಈಗಿನವರಿಗೆ ನಗು ತರಿಸಬಹುದು. ಮಾತಾಡುವುದಕ್ಕಂತೂ ಅಪ್ಪಣೆಯೇ ಇರಲಿಲ್ಲ. 1942ರಲ್ಲಿ ಉಷಾ ಮೆಹ್ತಾ ಮತ್ತು ಗೆಳೆಯರು ಮುಂಬಯಿಯಲ್ಲಿ ಜಾಗ ಬದಲಿಸುತ್ತಾ ಸುಮಾರು ಮೂರು ತಿಂಗಳು ನಡೆಸಿದ ಗುಪ್ತ ಕಾಂಗ್ರೆಸ್ ರೇಡಿಯೋವನ್ನು ಬ್ರಿಟಿಷರು ಹುಡುಕಿ ಹಿಡಿದು ಅವರನ್ನು ಜೈಲಿಗೆ ಹಾಕಿದರು. ಸ್ವತಂತ್ರ ಭಾರತವೂ ಆ ಏಕಸ್ವಾಮ್ಯವನ್ನು ಬಿಟ್ಟುಕೊಡಲಿಲ್ಲ. ಒಂದೇ ದನಿಯ ಒಳ್ಳೆಯ ಗಳಿಗೆಗಳು ಇಲ್ಲವೆಂದಲ್ಲ. 1947ರ ನವೆಂಬರ್ 12ರಂದು ಕುರುಕ್ಷೇತ್ರದ ಶಿಬಿರದಲ್ಲಿದ್ದ ನಿರಾಶ್ರಿತರನ್ನು ಉದ್ದೇಶಿಸಿ ಗಾಂಧೀಜಿ ದೆಹಲಿಯ ಸ್ಟುಡಿಯೋದಿಂದ ಮಾತಾಡಿದರು. ಎರಡೂವರೆ ತಿಂಗಳ ಬಳಿಕ ಅದೇ ರೇಡಿಯೋದಲ್ಲಿ ಗಾಂಧೀಜಿಯ ಸಾವನ್ನು ನೆಹರೂ ದೇಶಕ್ಕೆ ಹೇಳಬೇಕಾಯಿತು. ಆದರೆ 1975ರ ಜೂನ್ 26ರ ಬೆಳಿಗ್ಗೆ ತುರ್ತು ಪರಿಸ್ಥಿತಿಯ ಸುದ್ದಿಯನ್ನು, ಗಾಬರಿಪಡುವಂಥದ್ದೇನಿಲ್ಲ ಎಂಬ ಮಾತಿನೊಂದಿಗೆ, ತಂದದ್ದೂ ಅದೇ ಪೆಟ್ಟಿಗೆ. 1984ರ ಅಕ್ಟೋಬರ್ 31ರಂದು ಪ್ರಧಾನಿಯ ಹತ್ಯೆಯಾದ ಸುದ್ದಿಯನ್ನು ಬಿಬಿಸಿ ಹೇಳಿ ಗಂಟೆಗಳು ಕಳೆದರೂ ಆಕಾಶವಾಣಿ ಸಂಜೆಯವರೆಗೆ ಬಾಯಿ ಬಿಡಲಿಲ್ಲ. ಮಧ್ಯಮ ವರ್ಗದ ಮನೆಗಳಲ್ಲಿ ಶಾರ್ಟ್‌ವೇವ್ ಇರುವ ಸೆಟ್ಟೇ ಬೇಕೆಂದು ದುಡ್ಡು ಕೂಡಿಡುತ್ತಿದ್ದುದರ ಒಂದು ಗುಟ್ಟು ಇಲ್ಲಿದೆ: ಮನೆಯ ಸುದ್ದಿಯನ್ನು ಪರದೇಶದವರ ಬಾಯಿಂದ ಖಾತ್ರಿ ಮಾಡಿಕೊಳ್ಳಬೇಕಿತ್ತು.

ನನ್ನ ಹೊಸ ಸೆಟ್ಟಿನ ಶಾರ್ಟ್‌ವೇವ್ ಬ್ಯಾಂಡ್ ಈಗ ಹೆಚ್ಚುಕಡಿಮೆ ಬೀಳುಭೂಮಿ. ಬಿಬಿಸಿಯ ಹಿಂದಿ ಪ್ರಸಾರ 2020ರ ಆರಂಭದಲ್ಲಿ ನಿಂತುಹೋಯಿತು. ರಾತ್ರಿ ಹುಡುಕಿದರೆ ಚೀನಾದ ಕೇಂದ್ರಗಳು, ಒಂದಿಷ್ಟು ಧರ್ಮೋಪದೇಶ, ಉಳಿದದ್ದು ಕರಕರ. ಆ ಬ್ಯಾಂಡಿಗಾಗಿ ಯಾರೂ ದುಡ್ಡು ಕೊಡಬೇಕಾಗಿಲ್ಲ. ಗಾಳಿಯ ತರಂಗಗಳು ಸಾರ್ವಜನಿಕರ ಆಸ್ತಿ ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿತು, ಆಕಾಶವಾಣಿಗೆ ಸ್ವಾಯತ್ತತೆ ಕೊಡಲೆಂದು ಮಾಡಿದ 1990ರ ಪ್ರಸಾರ ಭಾರತಿ ಕಾಯ್ದೆ 1997ರಲ್ಲಿ ಜಾರಿಗೆ ಬಂತು, ದೇಶದ ಮೊದಲ ಖಾಸಗಿ ಎಫ್‌ಎಂ 2001ರ ಜುಲೈ 3ರಂದು ಬೆಂಗಳೂರಿನಲ್ಲೇ ಶುರುವಾಯಿತು. ಆದರೂ ಖಾಸಗಿ ಎಫ್‌ಎಂ ಸ್ವಂತ ಸುದ್ದಿ ಓದುವಂತಿಲ್ಲ, ಆಕಾಶವಾಣಿಯದನ್ನು ಮರುಪ್ರಸಾರ ಮಾಡಬಹುದು ಅಷ್ಟೆ. ಹೀಗಾಗಿ ನಾನು ಮೆಚ್ಚಿದ ಆ ಹತ್ತು ನಿಮಿಷದ ವಾರ್ತೆಯಲ್ಲಿ ಮಂತ್ರಿಗಳು ಉದ್ಘಾಟಿಸುತ್ತಾರೆ, ಮಂತ್ರಿಗಳು ಭರವಸೆ ಕೊಡುತ್ತಾರೆ, ಮಂತ್ರಿಗಳು ಕರೆ ನೀಡುತ್ತಾರೆ. ನಮ್ಮ ಬಡಾವಣೆಗೆ ಮೂರು ದಿನ ನೀರು ಬಾರದಿದ್ದಾಗ ಅದರಲ್ಲಿ ಒಂದು ಸಾಲೂ ಇರಲಿಲ್ಲ. ಕಿರುಚದಿರುವುದು ದೊಡ್ಡ ಗುಣ. ಪ್ರಶ್ನೆ ಕೇಳದಿರುವುದು ಅದರ ಬೆಲೆಯಾಗಬಾರದು. ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ, ಸಮುದಾಯ ರೇಡಿಯೋಗೆ ಹಳ್ಳಿಯವರಿಗೆ ಲೈಸೆನ್ಸೇ ಸಿಗದಿದ್ದಾಗ, ‘ನಮ್ಮ ಧ್ವನಿ’ ಎಂದು ಕೇಬಲ್ ತಂತಿಯ ಮೇಲೆ ಸ್ವಂತ ಕಾರ್ಯಕ್ರಮ ಹರಿಸಿದವರು ತುಂಬಿದ್ದು ಈ ಕೊರತೆಯನ್ನೇ.

ಫೋನಿನಲ್ಲೂ ಇದೇ ಕಾರ್ಯಕ್ರಮಗಳು ಸಿಗುವಾಗ ಸೆಟ್ಟು ಯಾಕೆ ಎಂದು ಹಲವರು ಕೇಳಿದರು. ದಸರೆಯ ದಿನ ಪರೀಕ್ಷಿಸಿ ನೋಡಿದೆ. ಜಂಬೂ ಸವಾರಿಯ ವೀಕ್ಷಕ ವಿವರಣೆಯನ್ನು ರೇಡಿಯೋದಲ್ಲೂ ಫೋನಿನಲ್ಲೂ ಒಟ್ಟಿಗೆ ಹಚ್ಚಿದೆ. ಇಂಟರ್ನೆಟ್ ಮೂಲಕ ಬರುವ ದನಿ ಹಲವು ಸೆಕೆಂಡು ಹಿಂದೆ ಬಿದ್ದಿತ್ತು, ರೇಡಿಯೋದಲ್ಲಿ ಆನೆಯು ಅರಮನೆಯ ಬಲರಾಮ ದ್ವಾರವನ್ನು ದಾಟಿದ ಮೇಲೆ ಫೋನಿನಲ್ಲಿ ಇನ್ನೂ ದಾಟುತ್ತಿತ್ತು. ಅದಕ್ಕಿಂತ ಗಮನ ಸೆಳೆದದ್ದು ಇನ್ನೊಂದು. ಜಗಲಿಯ ಸದ್ದು ಬೀದಿಗೆ ಕೇಳುತ್ತಿದ್ದುದರಿಂದ ಎದುರುಮನೆಯ ಅಜ್ಜಿ ಕುರ್ಚಿ ತಂದು ಗೇಟಿನ ಬಳಿ ಹಾಕಿಕೊಂಡರು, ಇಸ್ತ್ರಿ ಗಾಡಿಯವರು ಬಟ್ಟೆ ಮಡಿಸುತ್ತಾ ಕಿವಿಗೊಟ್ಟರು, ಕೊರಿಯರ್ ಹುಡುಗ ಬೈಕ್ ನಿಲ್ಲಿಸಿ ಐದು ನಿಮಿಷ ನಿಂತ. ಈ ವರ್ಷ ಅಂಬಾರಿ ಹೊತ್ತ ಆನೆಯ ಬಗ್ಗೆ ಅಜ್ಜಿಗೂ ಇಸ್ತ್ರಿಯವರಿಗೂ ಭಿನ್ನಾಭಿಪ್ರಾಯ ಬಂತು, ಅದು ಸವಾರಿ ಮುಗಿದ ಮೇಲೂ ನಡೆಯಿತು. ನಾವು ಈ ಬೀದಿಗೆ ಬಂದು ಒಂಬತ್ತು ವರ್ಷವಾಗಿದೆ. ಅವರಿಬ್ಬರೂ ಮಾತಾಡಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಪಾರ್ಕಿನ ರೇಡಿಯೋ, ಪಂಚಾಯ್ತಿ ಕಟ್ಟೆಯ ರೇಡಿಯೋ, ಕ್ಷೌರದಂಗಡಿಯ ರೇಡಿಯೋ ಇವುಗಳ ಸುತ್ತ ಹಿಂದೆ ದಿನವೂ ಆಗುತ್ತಿದ್ದುದು ಇದೇ ಇರಬೇಕು. ಟೀವಿಯೂ ಮೊದಲಿಗೆ ಹೀಗೇ ಬಂತು: 1975ರ ಆಗಸ್ಟ್‌ನಿಂದ ಒಂದು ವರ್ಷ ವಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗಳಲ್ಲಿ ಉಪಗ್ರಹದ ಮೂಲಕ ಬಂದ ಕಾರ್ಯಕ್ರಮವನ್ನು ಊರಿಗೆ ಊರೇ ಒಂದು ಸೆಟ್ಟಿನ ಮುಂದೆ ಕೂತು ನೋಡಿತು. ಬಾಗಿಲು ಹಾಕಿಕೊಂಡು ನೋಡುವುದು ಬಂದದ್ದು ಆಮೇಲೆ.

ಕೊಳ್ಳುವವರಿಗೆ ಕೊನೆಯ ಕೆಲವು ಮಾತು. ಸದ್ದಿನ ಗುಣ 1,850 ರೂಪಾಯಿಗೆ ಚೆನ್ನಾಗಿದೆ, ಮಾತು ಸ್ಪಷ್ಟ, ಮೃದಂಗದ ಎಡಭಾಗ ಮಾತ್ರ ಡಬ್ಬದೊಳಗಿಂದ ಬಂದ ಹಾಗೆ ಕೇಳುತ್ತದೆ. ಕರೆಂಟಿನಲ್ಲಿ ಹಾಕಿದರೆ ಮೀಡಿಯಂ ವೇವ್‌ನಲ್ಲಿ ಗುಂಯ್‌ಗುಡುವುದರಿಂದ ಸೆಲ್ಲಿನಲ್ಲೇ ನಡೆಸಿ. ದಿನಕ್ಕೆ ಎರಡು ಗಂಟೆ ಕೇಳಿದರೆ ನಮ್ಮಲ್ಲಿ ಒಂದು ಜೊತೆ ದಪ್ಪ ಸೆಲ್ ಎರಡು ತಿಂಗಳು ಬಂದಿದೆ. ಬ್ಯಾಂಡ್ ಬದಲಿಸುವ ಗುಂಡಿ ನಾಲ್ಕನೆಯ ತಿಂಗಳಲ್ಲಿ ಅಲ್ಲಾಡತೊಡಗಿತು, ಅಂಗಡಿಯವರು ‘ಅದು ಹಂಗೇ ಸಾರ್’ ಎಂದರು. ಮುಖದ ಮೇಲೆ ಮುದ್ರಿಸಿದ ಅಂಕಿಗಳನ್ನು ನಂಬಬೇಡಿ. 612 ಸಿಗುವುದು 650ರ ಹತ್ತಿರ, ಅಲ್ಲಿ ನಾನು ಕೆಂಪು ಪೆನ್ನಿನಿಂದ ಒಂದು ಗೀಟು ಎಳೆದಿದ್ದೇನೆ. ಮೊನ್ನೆ ನೋಡಿದಾಗ ಎಫ್‌ಎಂ ಪಟ್ಟಿಯ ಮೇಲೆ ಇನ್ನೊಂದು ಗೀಟಿತ್ತು, ಹಸಿರು ಬಣ್ಣದ್ದು, ನಾನು ಎಳೆದದ್ದಲ್ಲ.